ವಾಚು ತೊಳೆಯುವ ಮುನ್ನ

ಬಿಳಿ ಅಂಗಿ ಹಾಕಿದ ದಿನ ಎಡತೋಳಿನ ಅಂಚಿನಲ್ಲಿ ಕಪ್ಪು ಗೆರೆಯೊಂದು ಮೂಡುತ್ತದೆ. ಒಗೆದರೆ ಹೋಗುತ್ತದೆ, ಮರುವಾರ ಮತ್ತೆ ಬರುತ್ತದೆ. ಸಂಜೆ ವಾಚು ಬಿಚ್ಚಿಟ್ಟರೆ ಮಣಿಕಟ್ಟಿನಲ್ಲಿ ತುರಿಕೆ, ಚೈನಿನಿಂದ ಹುಳಿ ವಾಸನೆ. ಸಾವಿರ ರೂಪಾಯಿಯ ವಾಚಾಗಿದ್ದರೆ ನಲ್ಲಿ ತಿರುಗಿಸಿ, ಸೋಪು ಹಚ್ಚಿ, ತಿಕ್ಕಿ ಮುಗಿಸುತ್ತಿದ್ದಿರಿ. ಲಕ್ಷ ಕೊಟ್ಟು ಕೊಂಡದ್ದು, ಮದುವೆಯಲ್ಲಿ ಮಾವ ಕೊಟ್ಟದ್ದು, ಇಲ್ಲವೇ ಅಪ್ಪ ನಿವೃತ್ತಿಯ ದಿನ ಕಟ್ಟಿಕೊಂಡು ಮನೆಗೆ ಬಂದದ್ದು ಎಂದಾಗ ಕೈ ಹಿಂಜರಿಯುತ್ತದೆ. ಅದಕ್ಕೇ ಇರಬೇಕು, ದುಬಾರಿ ವಾಚುಗಳೇ ಹೆಚ್ಚು ಕೊಳಕಾಗಿರುತ್ತವೆ.

ಹಿಂಜರಿಕೆ ಬೇಕಾದದ್ದೇ. ಆದರೆ ಅದು ಒಂದೇ ಪ್ರಶ್ನೆಗೆ ಸೀಮಿತವಾಗಿರಲಿ: ಈ ವಾಚಿಗೆ ನೀರು ತಾಗಬಹುದೇ? ಇದಕ್ಕೆ ಉತ್ತರ ಸಿಕ್ಕಿತೆಂದರೆ ಮಿಕ್ಕದ್ದು ಕಾಲು ಗಂಟೆಯ ಕೆಲಸ. ಅಡುಗೆಮನೆಯಲ್ಲಿರುವ ಸಾಮಾನೇ ಸಾಕು. ವಾಚಿನ ಹೊರಮೈ ನಿಮ್ಮದು, ಒಳಗಿನದು ರಿಪೇರಿಯವರದು. ಹಿಂದಿನ ಮುಚ್ಚಳವನ್ನು ಮನೆಯಲ್ಲಿ ಯಾವ ಕಾರಣಕ್ಕೂ ತೆಗೆಯಬಾರದು.

ಆ ಕಪ್ಪು ಏನು?

ಬೆವರು, ಸತ್ತ ಚರ್ಮ, ರಸ್ತೆಯ ದೂಳು, ಸೋಪಿನ ಉಳಿಕೆ, ಕೈಗೆ ಹಚ್ಚಿದ ಕ್ರೀಮು ಎಲ್ಲ ಸೇರಿ ಚೈನಿನ ಕೊಂಡಿಗಳ ನಡುವೆ ಜಿಗುಟಾದ ಕೆಸರಾಗುತ್ತದೆ. ನೋಡಲು ಅಸಹ್ಯ ಎಂಬುದು ಸಣ್ಣ ತೊಂದರೆ. ದೂಳಿನಲ್ಲಿ ಸಣ್ಣ ಮರಳಿನ ಕಣಗಳಿರುತ್ತವೆ. ಕೈ ಆಡಿಸಿದಷ್ಟೂ ಅವು ಕೊಂಡಿಯ ಪಿನ್ನನ್ನು ಒಳಗಿನಿಂದ ಸವೆಸುತ್ತವೆ. ಹಳೆಯ ಚೈನುಗಳನ್ನು ಅಡ್ಡ ಹಿಡಿದರೆ ಜೋತು ಬೀಳುತ್ತವಲ್ಲ, ಅದಕ್ಕೆ ಕಾರಣ ವಯಸ್ಸಿಗಿಂತ ಹೆಚ್ಚಾಗಿ ಈ ಕೆಸರು.

ಎರಡನೆಯ ಹಾನಿ ಇನ್ನೂ ನಿಧಾನದ್ದು. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎಂಬುದು ಅರ್ಧ ಸತ್ಯ. ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ಬಲು ತೆಳುವಾದ ಪೊರೆ ಇರುತ್ತದೆ. ಗೀರು ಬಿದ್ದಾಗ ಗಾಳಿಯ ಆಮ್ಲಜನಕ ಹೀರಿ ಪೊರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಕೆಸರು ತುಂಬಿದ ಸಂದಿಗೆ ಗಾಳಿ ಹೋಗುವುದಿಲ್ಲ, ಬೆವರಿನ ಉಪ್ಪು ಮಾತ್ರ ಅಲ್ಲೇ ಕೂತಿರುತ್ತದೆ. ಪೊರೆ ಅಲ್ಲಿ ಸೋಲುತ್ತದೆ, ಲೋಹದಲ್ಲಿ ಸೂಜಿಮೊನೆಯಂಥ ಗುಳಿಗಳು ಬೀಳುತ್ತವೆ. ಬಹುತೇಕ ಒಳ್ಳೆಯ ವಾಚುಗಳ 316ಎಲ್ ಸ್ಟೀಲಿಗೂ ಈ ಕಾಟ ತಪ್ಪಿದ್ದಲ್ಲ. ರೋಲೆಕ್ಸ್ ಬಳಸುವ 904ಎಲ್ ಹೆಚ್ಚು ತಡೆಯುತ್ತದೆ, ಅಷ್ಟೆ. ಹಿಂದಿನ ಮುಚ್ಚಳದ ಸುತ್ತ ಗುಳಿ ಬಿದ್ದರೆ ಒಳಗಿನ ರಬ್ಬರ್ ಉಂಗುರಕ್ಕೆ ಸಮತಟ್ಟಾದ ನೆಲೆ ಇಲ್ಲವಾಗುತ್ತದೆ, ನೀರಿಗೆ ದಾರಿಯಾಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಓದುಗರು ಇದನ್ನು ಇನ್ನಷ್ಟು ಗಮನಿಸಬೇಕು. ಅಲ್ಲಿ ಬೆವರಿನ ಉಪ್ಪಿಗೆ ಕಡಲಗಾಳಿಯ ಉಪ್ಪೂ ಜೊತೆಯಾಗುತ್ತದೆ.

ನೀರು ತಾಗಬಹುದೇ?

ಮೊದಲ ಮಹಾಯುದ್ಧದ ನಂತರ ವಾಚು ಜೇಬಿನಿಂದ ಮಣಿಕಟ್ಟಿಗೆ ಬಂತು. ಮಣಿಕಟ್ಟಿನಲ್ಲಿ ದೂಳು, ನೀರು ತಪ್ಪಿಸಲಾಗದು. ರೋಲೆಕ್ಸ್ 1926ರಲ್ಲಿ ಆಯ್‌ಸ್ಟರ್ ಎಂಬ ಹೆಸರಿನಲ್ಲಿ ಮುಚ್ಚಳವನ್ನೂ ಕೀಯನ್ನೂ ತಿರುಪಿನಂತೆ ಬಿಗಿಯುವ ಕೇಸನ್ನು ತಂದಿತು. ಮರುವರ್ಷ ಮರ್ಸಿಡಿಸ್ ಗ್ಲೈಟ್ಸ್ ಎಂಬ ಈಜುಗಾರ್ತಿ ಅದನ್ನು ಕೊರಳಿಗೆ ಕಟ್ಟಿಕೊಂಡು ಇಂಗ್ಲಿಷ್ ಕಾಲುವೆಗೆ ಇಳಿದರು. ನೀರಿನ ಚಳಿಗೆ ಆ ದಿನ ಅವರು ದಡ ಮುಟ್ಟಲಾಗಲಿಲ್ಲ, ವಾಚು ಮಾತ್ರ ಓಡುತ್ತಲೇ ಇತ್ತು. ರೋಲೆಕ್ಸ್ ಅದನ್ನೇ ಜಾಹೀರಾತು ಮಾಡಿತು, ಅದರ ಗುಂಗು ನೂರು ವರ್ಷವಾಗುತ್ತ ಬಂದರೂ ಇಳಿದಿಲ್ಲ. ದುಬಾರಿ ವಾಚೆಂದರೆ ನೀರಿಗೆ ಹೆದರುವುದಿಲ್ಲ ಎಂದೇ ಹಲವರು ನಂಬಿದ್ದಾರೆ. ಬೆಲೆಗೂ ನೀರಿಗೂ ಸಂಬಂಧವಿಲ್ಲ. ಲಕ್ಷಗಟ್ಟಲೆ ಬೆಲೆಯ ತೆಳ್ಳನೆಯ ಡ್ರೆಸ್ ವಾಚು 30 ಮೀಟರಿಗೇ ನಿಂತಿರುತ್ತದೆ, ಹತ್ತು ಸಾವಿರದ ಈಜುವಾಚು 200 ಮೀಟರು ತಡೆಯುತ್ತದೆ.

ಆ ಸಂಖ್ಯೆಯನ್ನು ಓದುವ ರೀತಿಯೂ ಬೇರೆ. 10 ಮೀಟರ್ ಆಳಕ್ಕೆ ಸುಮಾರು 1 ಬಾರ್ ಒತ್ತಡದ ಲೆಕ್ಕ. '30 ಮೀಟರ್' ಎಂದರೆ ಹೊಸದರಲ್ಲಿ ಅದನ್ನು 3 ಬಾರ್ ಒತ್ತಡಕ್ಕೆ ಒಡ್ಡಿ ನೋಡಿದ್ದಾರೆ ಎಂದಷ್ಟೇ ಅರ್ಥ. ಅದನ್ನು ಕಟ್ಟಿಕೊಂಡು ಈಜಬಹುದು ಎಂದಲ್ಲ. ಕೈತೊಳೆಯುವಾಗ ಸಿಡಿದ ಹನಿಗೆ, ದಿಢೀರನೆ ಬಂದ ತುಂತುರಿಗೆ ಅದು ಜಗ್ಗುವುದಿಲ್ಲ. ಜೊತೆಗೆ, ನೀರನ್ನು ತಡೆಯುವುದು ಸ್ಟೀಲಲ್ಲ. ಮುಚ್ಚಳದ ಕೆಳಗೆ, ಕೀಯ ಒಳಗೆ, ಗಾಜಿನ ಸುತ್ತ ಇರುವ ತೆಳ್ಳನೆಯ ರಬ್ಬರ್, ಪ್ಲಾಸ್ಟಿಕ್ ಉಂಗುರಗಳು. ಬಿಸಿಗೆ, ಸೋಪಿಗೆ, ವಯಸ್ಸಿಗೆ ಅವು ಗಟ್ಟಿಯಾಗಿ ಬಿರಿಯುತ್ತವೆ. ಡಯಲಿನ ಮೇಲಿನ ಸಂಖ್ಯೆ ಮಾತ್ರ ಇಪ್ಪತ್ತು ವರ್ಷವಾದರೂ ಹಾಗೇ ಇರುತ್ತದೆ! ಹಾಗಾಗಿ ನನ್ನ ಲೆಕ್ಕ ಹೀಗೆ:

1. ಏನೂ ಬರೆದಿಲ್ಲ, ಅಥವಾ 30 ಮೀಟರ್ ಎಂದಿದೆ: ನೀರಿನ ಕೆಳಗೆ ಹಿಡಿಯಬೇಡಿ. ಹಿಂಡಿದ ಒದ್ದೆ ಬಟ್ಟೆ ಸಾಕು.

2. 50 ಮೀಟರ್: ನೀರು ತಾಗಿದರೆ ಗಾಬರಿ ಬೇಡ. ಆದರೂ ಚೈನು ಬಿಚ್ಚಿ ಅದನ್ನಷ್ಟೇ ತೊಳೆಯುವುದು ಒಳ್ಳೆಯದು.

3. 100 ಮೀಟರ್ ಅಥವಾ ಹೆಚ್ಚು, ಕೀ ತಿರುಪಿನದು: ಇಡೀ ವಾಚನ್ನು ತೊಳೆಯಬಹುದು.

4. ವಾಚು ಹಳೆಯದು, ಉಂಗುರ ಬದಲಿಸಿದ್ದು ಯಾವಾಗ ಎಂದು ನೆನಪೇ ಇಲ್ಲ: ಮೇಲೆ ಏನೇ ಬರೆದಿರಲಿ, ಒಂದನೆಯ ಸಾಲಿಗೆ ಸೇರಿಸಿ.

ನಾಲ್ಕನೆಯ ಸಾಲಿನವೇ ನಮ್ಮ ಮನೆಗಳಲ್ಲಿ ಹೆಚ್ಚು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಕಾರ್ಖಾನೆಯ ಜನತಾ, ಪೈಲಟ್ ವಾಚುಗಳು ಎಷ್ಟೋ ಅಲಮಾರಿಗಳಲ್ಲಿ ಇನ್ನೂ ಇವೆ. ಕೊಂಡಾಗ ಅವು ಐಷಾರಾಮಿಯಲ್ಲ. ಆದರೆ 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದ ಮೇಲೆ ಅವನ್ನು ಹುಡುಕಿ ಸಂಗ್ರಹಿಸುವವರು ಹುಟ್ಟಿಕೊಂಡರು. ಅಪ್ಪನ ವಾಚಿಗಂತೂ ಬೆಲೆ ಕಟ್ಟುವಂತಿಲ್ಲ. ಅವುಗಳಿಗೆ ನೀರು ಬೇಡವೇ ಬೇಡ.

ಬೇಕಾದ ಸಾಮಾನು

ಪಾತ್ರೆ ತೊಳೆಯುವ ಸೌಮ್ಯ ದ್ರವ ಸೋಪು, ತೀರಾ ಮೃದುವಾದ ಮಕ್ಕಳ ಹಲ್ಲುಜ್ಜುವ ಬ್ರಷ್, ಅಗಲವಾದ ಬಟ್ಟಲು, ಕನ್ನಡಕ ಒರೆಸುವ ಮೈಕ್ರೋಫೈಬರ್ ಬಟ್ಟೆ, ಹತ್ತಿಯ ಹಳೆಯ ಪಂಚೆಯ ತುಂಡು. ಆಭರಣ ತೊಳೆಯಲು ಅಂಟುವಾಳದ ನೊರೆ ಬಳಸುವ ಮನೆಗಳಿವೆ. ಅದು ಸೌಮ್ಯವೇ, ಆದರೆ ಅದರ ಸಿಪ್ಪೆಯ ಚೂರು ಕೊಂಡಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ವಾಚಿಗೆ ದ್ರವ ಸೋಪೇ ವಾಸಿ. ಕೊನೆಯ ಜಾಲಾಟಕ್ಕೆ ಫಿಲ್ಟರಿನ ಕುಡಿಯುವ ನೀರು ಇಟ್ಟುಕೊಳ್ಳಿ. ಬೆಂಗಳೂರಿನ ಬೋರ್‌ವೆಲ್ ನೀರಿನ ಗಡಸುತನ ಬಕೆಟ್ಟಿನ ಅಂಚು ನೋಡಿದರೇ ಗೊತ್ತಾಗುತ್ತದೆ. ಅದೇ ಬಿಳಿ ಕಲೆ ಗಾಜಿನ ಅಂಚಿನಲ್ಲೂ ಕೂರುತ್ತದೆ.

ತೊಳೆಯುವ ಕ್ರಮ

1. ಕೀ ಒಳಗೆ ಪೂರ್ತಿ ಒತ್ತಿದೆಯೇ, ತಿರುಪಿನದಾದರೆ ಕೊನೆಯವರೆಗೂ ಬಿಗಿದಿದೆಯೇ ನೋಡಿ. ವಾಚಿನೊಳಗೆ ನೀರು ಹೋದ ಪ್ರಕರಣಗಳಲ್ಲಿ ಅರ್ಧ ಹೊರಗೆ ಬಂದ ಕೀಯದು ದೊಡ್ಡ ಪಾಲು. ಬಿಗಿಯುವಾಗ ಬಲ ಹಾಕಬೇಡಿ. ತಡೆ ಸಿಕ್ಕಿದ ಕೂಡಲೇ ನಿಲ್ಲಿಸಿ. ಸ್ಟಾಪ್‌ವಾಚ್ ಕೂಡ ಇರುವ ಕ್ರೋನೋಗ್ರಾಫ್ ಆದರೆ ಪಕ್ಕದ ಗುಂಡಿಗಳನ್ನು ನೀರಿನಲ್ಲಿದ್ದಾಗ ಒತ್ತಬೇಡಿ.

2. ಒಣ ಬಟ್ಟೆಯಿಂದ ಒರೆಸುವ ಮೊದಲು ದೂಳನ್ನು ಊದಿ ಹಾರಿಸಿ. ಮರಳಿನ ಕಣ ಗಾಜಿನ ಮೇಲಿರುವಾಗಲೇ ಒರೆಸಿದರೆ ನೀವೇ ಗೀರಿದಂತೆ.

3. ಬಟ್ಟಲಿನಲ್ಲಿ ಕೋಣೆಯ ಬಿಸುಪಿನ ನೀರಿಗೆ ಎರಡು ಹನಿ ಸೋಪು ಹಾಕಿ. ಬಿಸಿನೀರು ಬೇಡ. ಬಿಸಿಗೆ ಲೋಹ, ಗಾಜು, ರಬ್ಬರ್ ಒಂದೊಂದೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಆಮೇಲೆ ತಣ್ಣೀರು ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಸಂದಿಯಲ್ಲಿದ್ದ ತೇವವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬಿಸಿನೀರ ಸ್ನಾನಕ್ಕೆ ವಾಚು ಕಟ್ಟಿಕೊಂಡು ಹೋಗಬಾರದು ಎನ್ನುವುದೂ ಇದಕ್ಕೇ.

4. ನಲ್ಲಿಯ ಕೆಳಗೆ, ಸಿಂಕಿನ ತೂತು ತೆರೆದಿಟ್ಟು ಈ ಕೆಲಸ ಮಾಡಬೇಡಿ. ಒಂದು ಪಿನ್ ಸಡಿಲವಾದರೂ ಸಾಕು, ವಾಚು ಸಿಂಕಿಗೆ ಬಡಿದು ಬೀಳುತ್ತದೆ, ಪಿನ್ ಮೋರಿ ಸೇರುತ್ತದೆ. ಬಟ್ಟಲಿನ ತಳದಲ್ಲಿ ಮಡಿಸಿದ ಬಟ್ಟೆ ಇರಲಿ.

5. ಮೊದಲು ಚೈನು. ಬ್ರಷ್ಷನ್ನು ಒದ್ದೆ ಮಾಡಿ ಒಳಮೈಯಿಂದ ಶುರುಮಾಡಿ. ಚರ್ಮಕ್ಕೆ ತಾಗುವ ಕಡೆಯೇ ಕೊಳೆ ಜಾಸ್ತಿ. ಚೈನನ್ನು ಬಾಗಿಸಿ ಕೊಂಡಿಗಳ ಸಂದಿ ತೆರೆದಾಗ ಅಡ್ಡಡ್ಡವಾಗಿ ಉಜ್ಜಿ. ಲಾಕಿನ ಒಳಗೆ ಹೆಚ್ಚು ಹೊತ್ತು ಕೊಡಿ. ಲಾಕ್ ಬಿಗಿಯಾಗಿ ಕೂರುತ್ತಿಲ್ಲ ಎಂದು ಅಂಗಡಿಗೆ ಓಡುವವರಲ್ಲಿ ಎಷ್ಟೋ ಜನರಿಗೆ ಬೇಕಾಗಿದ್ದದ್ದು ಈ ಬ್ರಷ್ ಮಾತ್ರ.

6. ಆಮೇಲೆ ಹಿಂದಿನ ಮುಚ್ಚಳದ ಸುತ್ತಲಿನ ಗೆರೆ, ಚೈನು ಕೇಸಿಗೆ ಸೇರುವ ಕೊಂಬುಗಳ ಒಳಭಾಗ, ಗಾಜಿನ ಸುತ್ತ ತಿರುಗುವ ಉಂಗುರ (ಬೆಜೆಲ್) ಇದ್ದರೆ ಅದರ ಹಲ್ಲುಗಳು. ಬೆಜೆಲ್ ಗಟ್ಟಿಯಾಗಿದ್ದರೆ ನೀರಿನಲ್ಲೇ ಒಂದೆರಡು ಸುತ್ತು ತಿರುಗಿಸಿ, ಕೆಳಗೆ ಸಿಕ್ಕಿಕೊಂಡ ಉಪ್ಪು, ಮರಳು ಹೊರಬರುತ್ತದೆ. ಗಾಜಿಗೆ ಕೊನೆಯಲ್ಲಿ ಬೆರಳ ತುದಿಯೇ ಸಾಕು.

7. ಸೋಪು ಉಳಿಯದಂತೆ ಎರಡು ಸಲ ಜಾಲಾಡಿ, ಕೊನೆಯದು ಫಿಲ್ಟರ್ ನೀರಿನಲ್ಲಿ. ಸಂದಿಯಲ್ಲಿ ಸೋಪು ಉಳಿದರೆ ಅದೇ ಮುಂದಿನ ಕೆಸರಿಗೆ ಅಂಟು, ಚರ್ಮಕ್ಕೆ ತುರಿಕೆಯೂ ಅದರಿಂದಲೇ.

8. ಒತ್ತಿ ಒರೆಸಿ, ಫ್ಯಾನಿನ ಕೆಳಗೆ ನೆರಳಿನಲ್ಲಿ ಒಂದೆರಡು ಗಂಟೆ ಬಿಡಿ. ಕೊಂಡಿಗಳ ಒಳಗಿನ ನೀರು ಆರಲು ಅಷ್ಟು ಹೊತ್ತು ಬೇಕು. ಕೂದಲು ಒಣಗಿಸುವ ಡ್ರೈಯರ್ ಬೇಡ, ಬಿಸಿಲೂ ಬೇಡ.

ನೀರು ತಾಗಬಾರದ ವಾಚಾದರೆ ಆರನೆಯದನ್ನು ಬಿಟ್ಟು ಮೂರರಿಂದ ಏಳರವರೆಗಿನ ಕೆಲಸವನ್ನು ಬಿಚ್ಚಿದ ಚೈನಿಗಷ್ಟೇ ಮಾಡಿ. ಕೇಸನ್ನು ಹಿಂಡಿದ ಬಟ್ಟೆಯಿಂದ ಒರೆಸಿ, ಸಂದಿಗಳಿಗೆ ತುದಿ ಚೂಪು ಮಾಡಿದ ಮರದ ಹಲ್ಲುಕಡ್ಡಿ ಬಳಸಿ. ಗುಂಡುಪಿನ್ನು, ಸೂಜಿ, ಚಾಕು ಯಾವುದೂ ಬೇಡ. ಚೈನು ಬಿಚ್ಚುವ ಸ್ಪ್ರಿಂಗ್ ಬಾರ್ ಸಲಕರಣೆ ಅಗ್ಗಕ್ಕೆ ಸಿಗುತ್ತದೆ. ಜಾರಿದರೆ ಕೇಸಿಗೆ ಗೀರು ಖಂಡಿತ, ಆದ್ದರಿಂದ ಕೊಂಬುಗಳಿಗೆ ಮೊದಲು ಟೇಪು ಅಂಟಿಸಿಕೊಳ್ಳಿ. ಕೈ ನಡುಗುವುದಾದರೆ ಅಂಗಡಿಯಲ್ಲೇ ಬಿಚ್ಚಿಸಿ.

ದಿನವೂ ಕಟ್ಟುವ ವಾಚಿಗೆ ತಿಂಗಳಿಗೊಮ್ಮೆ ಈ ಸ್ನಾನ ಸಾಕು, ಬೇಸಿಗೆಯಲ್ಲಿ ಎರಡು ಸಲ. ಸಮುದ್ರಕ್ಕೆ, ಈಜುಕೊಳಕ್ಕೆ ಇಳಿದು ಬಂದ ದಿನವಂತೂ ಆಗಲೇ ಸಿಹಿನೀರಿನಲ್ಲಿ ಜಾಲಾಡಬೇಕು. ಉಪ್ಪು ಒಣಗಿ ಹರಳಾದ ಮೇಲೆ ಬೆಜೆಲಿನ ಕೆಳಗಿಂದ ಅದನ್ನು ಎಬ್ಬಿಸುವುದು ಕಷ್ಟ.

ಬೆಲ್ಟಿನ ವಾಚು

ಚರ್ಮದ ಬೆಲ್ಟನ್ನು ತೊಳೆಯುವಂತಿಲ್ಲ. ನೀರು ಕುಡಿದು ಒಣಗಿದ ಚರ್ಮ ಸೆಟೆದು ಬಿರಿಯುತ್ತದೆ. ಒಳಮೈಯನ್ನು ಹಿಂಡಿದ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಆರಿಸಿ. ಚರ್ಮ ಬಾಳಬೇಕೆಂದರೆ ಒಂದು ದಿನ ಕಟ್ಟಿದರೆ ಮರುದಿನ ಬಿಡಬೇಕು, ಹೀರಿದ ಬೆವರು ಆರಲು ಅಷ್ಟು ಹೊತ್ತು ಹಿಡಿಯುತ್ತದೆ. ನಮ್ಮ ಹವೆಯಲ್ಲಿ ದಿನವೂ ಕಟ್ಟಿದ ಚರ್ಮದ ಬೆಲ್ಟು ಒಂದೆರಡು ವರ್ಷ ಬಂದರೆ ಹೆಚ್ಚು. ವಾಸನೆ ಹಿಡಿದ ಬೆಲ್ಟಿಗೆ ಅತ್ತರು ಹೊಡೆಯುವುದಕ್ಕಿಂತ ಬದಲಿಸುವುದು ಲೇಸು. ಮಳೆಗಾಲದ ಮಲೆನಾಡಿನಲ್ಲಿ ಚರ್ಮ ಬೂಷ್ಟು ಹಿಡಿಯುತ್ತದೆ, ಆ ನಾಲ್ಕು ತಿಂಗಳು ರಬ್ಬರಿಗೆ ಬದಲಾಯಿಸಿಕೊಳ್ಳಿ. ರಬ್ಬರ್, ನೈಲಾನ್ ಬೆಲ್ಟುಗಳನ್ನು ಬಿಚ್ಚಿ ಸೋಪಿನಲ್ಲಿ ಧಾರಾಳವಾಗಿ ತೊಳೆಯಬಹುದು. ಸೊಳ್ಳೆ ಓಡಿಸುವ ಕ್ರೀಮುಗಳಲ್ಲಿರುವ ಡೀಟ್ ಎಂಬ ರಾಸಾಯನಿಕ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಕ್ರೀಮು ಹಚ್ಚಿದ ಮೇಲೆ ಅದು ಆರುವವರೆಗೂ ವಾಚು ದೂರವಿರಲಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಬೆಳ್ಳಿ ಹಿತ್ತಾಳೆಗಳಿಗೆ ನಮ್ಮ ಮನೆಗಳಲ್ಲಿ ಒಂದೊಂದಕ್ಕೂ ಒಂದೊಂದು ಉಪಾಯವಿದೆ. ಅವನ್ನೇ ವಾಚಿಗೂ ಹಚ್ಚಲು ಹೋಗುವುದರಿಂದಲೇ ಹೆಚ್ಚಿನ ಅನಾಹುತ. ವಿಭೂತಿ, ಟೂತ್‌ಪೇಸ್ಟು, ಸೋಡಾಪುಡಿ, ಪಾತ್ರೆಯ ಪುಡಿ ಎಲ್ಲವೂ ಉಜ್ಜಿ ಸವೆಸುವ ಕಣಗಳು. ಬೆಳ್ಳಿಯ ದೀಪದಲ್ಲಿ ಅದು ಹೊಳಪು ಅನಿಸುತ್ತದೆ. ಕನ್ನಡಿಯಂತೆ ನಯಗೊಳಿಸಿದ ಕೇಸಿನ ಮೇಲೆ ಮಸುಕು ಅನಿಸುತ್ತದೆ. ಹುಣಸೆಹಣ್ಣು, ನಿಂಬೆ, ವಿನಿಗರ್ ಆಮ್ಲಗಳು. ಚಿನ್ನದ ಲೇಪನ, ಕಂಚಿನ ಕೇಸು, ಚರ್ಮ ಮೂರಕ್ಕೂ ಶತ್ರು. ಬ್ಲೀಚಿನಲ್ಲಿರುವ ಕ್ಲೋರಿನ್ ಸ್ಟೀಲಿನ ಆ ತೆಳು ಪೊರೆಯನ್ನೇ ಮುರಿಯುತ್ತದೆ.

ಟೂತ್‌ಪೇಸ್ಟಿನ ಉಪಾಯ ಪೂರ್ತಿ ಸುಳ್ಳಲ್ಲ ಎಂಬುದನ್ನೂ ಹೇಳಬೇಕು. ಹಳೆಯ ವಾಚುಗಳ 'ಗಾಜು' ಹಲವು ಸಲ ಗಾಜೇ ಅಲ್ಲ, ಅಕ್ರಿಲಿಕ್ ಎಂಬ ಮೆತ್ತನೆಯ ಪ್ಲಾಸ್ಟಿಕ್. ಅದರ ಮೇಲಿನ ಸಣ್ಣ ಗೀರುಗಳು ಹದವಾಗಿ ಉಜ್ಜಿದರೆ ಮಾಯವಾಗುತ್ತವೆ. ಅದಕ್ಕೆಂದೇ ಪೇಸ್ಟ್ ಸಿಗುವುದರಿಂದ ಹಲ್ಲಿನದು ಬೇಡ. ಈಗಿನ ಬೆಲೆಬಾಳುವ ವಾಚುಗಳಲ್ಲಿರುವುದು ಸಫೈರ್, ಗಡಸುತನದ ಮೋಸ್ ಮಾಪನದಲ್ಲಿ 9. ವಜ್ರ 10. ಅದಕ್ಕೆ ಪೇಸ್ಟಿನಿಂದ ಏನೂ ಆಗದು. ಆದರೆ ಬೆಳಕಿನ ಪ್ರತಿಫಲನ ತಡೆಯಲು ಕೆಲವು ಕಂಪನಿಗಳು ಅದರ ಹೊರಮೈಗೆ ಕೊಡುವ ಲೇಪನ ಎದ್ದುಹೋಗುತ್ತದೆ. ಗಾಜಿನ ಮೇಲೆ ಹೊಸ ಗೀರು ಕಂಡಿತೆಂದು ಬೆದರಿದವರು ನೋಡುತ್ತಿರುವುದು ಬಹಳ ಸಲ ಲೇಪನದ ಗೀರು.

ಸ್ಟೀಲಿನ ಗೀರುಗಳನ್ನು ಮನೆಯಲ್ಲಿ ಪಾಲಿಶ್ ಮಾಡಬೇಡಿ. ಪಾಲಿಶ್ ಎಂದರೆ ಗೀರಿನ ಆಳದವರೆಗೆ ಸುತ್ತಲಿನ ಲೋಹವನ್ನು ಸವೆಸುವುದು. ಕೇಸಿನ ಚೂಪಾದ ಅಂಚುಗಳು ಒಮ್ಮೆ ದುಂಡಗಾದರೆ ಮತ್ತೆ ಬರುವುದಿಲ್ಲ. ಸಂಗ್ರಾಹಕರು ಗೀರು ಬಿದ್ದ ವಾಚಿಗೆ ಕೊಡುವ ಬೆಲೆಯನ್ನು ಅತಿಯಾಗಿ ಪಾಲಿಶ್ ಆದ ವಾಚಿಗೆ ಕೊಡುವುದಿಲ್ಲ. 18 ಕ್ಯಾರೆಟ್ ಚಿನ್ನದ ಕೇಸಿನಲ್ಲಿ ನೂರಕ್ಕೆ 75 ಭಾಗ ಚಿನ್ನವಿರುವುದರಿಂದ ಅದು ಇನ್ನೂ ಮೆತ್ತಗೆ. ಲೇಪನದ್ದಾದರೆ ಉಜ್ಜಿದಷ್ಟೂ ಕೆಳಗಿನ ಲೋಹ ಹಣಕುತ್ತದೆ.

ಕನ್ನಡಕದ ಅಂಗಡಿಯಲ್ಲಿ ಗುಂಯ್‌ಗುಡುವ ಅಲ್ಟ್ರಾಸಾನಿಕ್ ಯಂತ್ರವಿರುತ್ತದಲ್ಲ, ಬಿಚ್ಚಿದ ಸ್ಟೀಲ್ ಚೈನಿಗೆ ಅದು ಬಲು ಚೆನ್ನ. ವಾಚಿನ ತಲೆಯನ್ನು ಅದರಲ್ಲಿ ಮುಳುಗಿಸಬಾರದು, ಆ ಕಂಪನಕ್ಕೆ ಒಳಗಿನ ಸ್ಕ್ರೂಗಳು ಸಡಿಲವಾಗಬಹುದು.

ಗಾಜಿನ ಒಳಗೆ ಮಂಜು ಕಂಡರೆ ಅಕ್ಕಿ ಡಬ್ಬಿಯಲ್ಲಿ ಹೂಳುವವರಿದ್ದಾರೆ. ಅಕ್ಕಿ ಹೊರಗಿನ ತೇವವನ್ನು ಅಷ್ಟಿಷ್ಟು ಹೀರಬಹುದು, ಮುಚ್ಚಿದ ಕೇಸಿನ ಒಳಗಿನದನ್ನಲ್ಲ. ಎರಡು ದಿನದಲ್ಲಿ ಮಂಜು ಕಾಣದಾದರೂ ನೀರು ಒಳಗೇ ಇದ್ದು ಮುಳ್ಳು, ಡಯಲು, ಚಕ್ರಗಳಿಗೆ ತುಕ್ಕು ಹಿಡಿಸುತ್ತದೆ. ಮಂಜು ಕಂಡ ದಿನವೇ ರಿಪೇರಿಯವರ ಬಳಿ ಹೋಗಬೇಕು. ಈ ಇಡೀ ಲೇಖನದಲ್ಲಿ ಎಲ್ಲಕ್ಕಿಂತ ಅವಸರ ಬೇಕಾದ ವಿಷಯ ಇದು.

ಕಟ್ಟದೆ ಇಟ್ಟಾಗ

ಕೀ ಕೊಡುವ ವಾಚಿಗೆ ದಿನವೂ ಒಂದೇ ಹೊತ್ತಿನಲ್ಲಿ, ಕೈಯಿಂದ ಬಿಚ್ಚಿಯೇ ಕೀ ಕೊಡಿ. ಕಟ್ಟಿಕೊಂಡೇ ತಿರುಗಿಸಿದರೆ ಕೀಯ ದಂಡ ಓರೆಯಾಗಿ ಎಳೆಯಲ್ಪಡುತ್ತದೆ. ಆಟೊಮ್ಯಾಟಿಕ್ ನಿಂತಿದ್ದರೆ ಕುಲುಕುವುದಕ್ಕಿಂತ ಕೀಯನ್ನು ಇಪ್ಪತ್ತು ಮೂವತ್ತು ಸುತ್ತು ತಿರುಗಿಸಿ ಕಟ್ಟುವುದು ಮೇಲು. ವಾಚನ್ನು ತಾವೇ ತಿರುಗಿಸುವ ದುಬಾರಿ ಪೆಟ್ಟಿಗೆಗಳು ಹೆಚ್ಚಿನವರಿಗೆ ಅನಗತ್ಯ, ನಿಂತ ವಾಚು ಕೆಡುವುದಿಲ್ಲ. ತಾರೀಖು ಬದಲಿಸುವ ಮುನ್ನ ಮುಳ್ಳನ್ನು ಆರೂವರೆಗೆ ತನ್ನಿ. ಅನೇಕ ವಾಚುಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಮೂರರ ನಡುವೆ ತಾರೀಖಿನ ಹಲ್ಲುಗಳು ಕಚ್ಚಿಕೊಂಡಿರುತ್ತವೆ, ಆಗ ಬಲವಂತ ಮಾಡಿದರೆ ಮುರಿಯುತ್ತವೆ.

ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಅಯಸ್ಕಾಂತದ ಮೇಲೆ ಗುಮಾನಿ ಪಡಿ. ಸ್ಪೀಕರು, ಟ್ಯಾಬ್ಲೆಟ್ಟಿನ ಕವರು, ಕೈಚೀಲದ ಗುಂಡಿ, ಫೋನಿನ ಹಿಂಬದಿ ಎಲ್ಲದರಲ್ಲೂ ಈಗ ಅಯಸ್ಕಾಂತ. ಒಳಗಿನ ಕೂದಲಿನಂಥ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಆಂದೋಲನ ಗಿಡ್ಡವಾಗುತ್ತದೆ. ರಿಪೇರಿಯವರು ನಿಮಿಷದಲ್ಲಿ ಸರಿಮಾಡುತ್ತಾರೆ, ಇದಕ್ಕೆ ಪೂರ್ತಿ ಸರ್ವಿಸ್ ಮಾಡಬೇಕು ಎಂದವರ ಮಾತು ಒಪ್ಪಬೇಡಿ. ಸೆಲ್ಲಿನ ವಾಚು ನಿಂತರೆ ಮಾತ್ರ ತಡಮಾಡದೆ ಸೆಲ್ ತೆಗೆಸಿ. ಸತ್ತ ಸೆಲ್ ಸೋರಿದರೆ ಒಳಗಿನ ಸರ್ಕಿಟ್ ಹೋಯಿತು.

ಪೆಟ್ಟಿಗೆಯಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣವಿಟ್ಟು ಮಳೆಗಾಲಕ್ಕೊಮ್ಮೆ ಬದಲಿಸಿ. ಅಲಮಾರಿಯ ನುಸಿಗುಳಿಗೆಯ ಪಕ್ಕ ಬೇಡ, ಆ ವಾಸನೆ ಚರ್ಮದಿಂದ ಹೋಗುವುದಿಲ್ಲ.

ಸರ್ವಿಸಿಗೆ ಕೊಡುವಾಗ

'ಚೆನ್ನಾಗೇ ಓಡ್ತಾ ಇದೆಯಲ್ಲ' ಎಂಬ ಮಾತನ್ನು ನಂಬಬೇಡಿ. ಮೆಕ್ಯಾನಿಕಲ್ ವಾಚಿನೊಳಗಿನ ಎಣ್ಣೆ ಒಣಗಿದ ಮೇಲೂ ಅದು ಓಡುತ್ತದೆ, ಚಕ್ರದ ಅಚ್ಚುಗಳನ್ನು ಸವೆಸಿಕೊಂಡು. ಕಂಪನಿ ಮತ್ತು ಬಳಕೆಯನ್ನು ಅವಲಂಬಿಸಿ ಐದರಿಂದ ಹತ್ತು ವರ್ಷಕ್ಕೊಮ್ಮೆ ಬಿಚ್ಚಿ ಎಣ್ಣೆ ಹಾಕಿಸಬೇಕು. ಈಜುವವರಾದರೆ ಒತ್ತಡ ಪರೀಕ್ಷೆ ವರ್ಷಕ್ಕೊಮ್ಮೆ. ಸೆಲ್ ಹಾಕಿಸುವಾಗ ಮುಚ್ಚಳದ ಉಂಗುರವನ್ನೂ ನೋಡಿ ಎಂದು ನೀವೇ ಹೇಳಬೇಕು. ರಸ್ತೆಬದಿಯಲ್ಲಿ ಹಾಕಿಸಿದ ಸೆಲ್ಲಿನ ನಂತರ ನೀರಿನ ಭರವಸೆ ಮುಗಿಯಿತೆಂದೇ ತಿಳಿಯಿರಿ.

ಕೊಡುವ ಮುನ್ನ ಹಿಂದೆ ಮುಂದೆ ಫೋಟೋ ತೆಗೆದುಕೊಂಡು, ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ. ಬದಲಿಸಿದ ಹಳೆಯ ಭಾಗಗಳು ಬೇಕೆಂದು ಮೊದಲೇ ಕೇಳಿ, ಡಯಲು ಮತ್ತು ಮುಳ್ಳುಗಳನ್ನಂತೂ ನಿಮ್ಮನ್ನು ಕೇಳದೆ ಬದಲಿಸುವಂತಿಲ್ಲ ಎನ್ನಿ. ಕೆಲವು ಕಡೆ ಸರ್ವಿಸಿನ ಜೊತೆ ಪಾಲಿಶ್ ತಾನಾಗಿಯೇ ಸೇರಿರುತ್ತದೆ. ಬೇಡವಾದರೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ರಸೀದಿಯ ಮೇಲೆ 'ಪಾಲಿಶ್ ಬೇಡ' ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ.